ಗಾಡಿಗೆ ಜೋಡಿ ಕುದುರೆ ಕಟ್ಟಿದ ಬಗೆ

ಜೋಡಿ ಪ್ರಾಣಿಗಳನ್ನು ಗಾಡಿಗೆ ಕಟ್ಟುವ ವಿದ್ಯೆ ಕುದುರೆಗಿಂತ ಮೊದಲು ಎತ್ತಿನ ಮೇಲೆ ಪಳಗಿತು. ನಡುವೆ ಒಂದು ಮೂಕಿ, ಅದರ ತುದಿಗೆ ಅಡ್ಡಲಾಗಿ ನೊಗ, ಎರಡು ಬದಿಗೆ ಎರಡು ಎತ್ತು. ನಮ್ಮ ಹಳ್ಳಿಕಾರ್ ಎತ್ತು ಎಳೆಯುವಾಗ ನೊಗ ಹಿಣಿಲಿಗೆ ಒತ್ತಿ ನಿಲ್ಲುತ್ತದೆ. ಕುದುರೆಗೆ ಹಿಣಿಲಿಲ್ಲ, ಕತ್ತೂ ಮೇಲಕ್ಕೆ ಎದ್ದಿರುತ್ತದೆ. ಎಳೆಯುವ ಭಾರ ಅದರ ಮೈಯಲ್ಲಿ ಎಲ್ಲಿ ಕೂರಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಬಂಡಿ ಕಟ್ಟುವವರಿಗೆ ಸಾವಿರಾರು ವರ್ಷ ಹಿಡಿಯಿತು.

ಉರಲ್ ಪರ್ವತಗಳ ದಕ್ಷಿಣದ ಸಿಂತಾಷ್ಟಾ ಸಮಾಧಿಗಳಲ್ಲಿ ಸುಮಾರು ಕ್ರಿ.ಪೂ. 2000ದ ಹೊತ್ತಿನ ಹಗುರ ರಥಗಳ ಗುರುತು, ಜೊತೆಗೆ ಕುದುರೆಗಳ ಮೂಳೆ ಸಿಕ್ಕಿವೆ. ಈಜಿಪ್ಟಿನ ಟುಟಾಂಖಾಮುನ್‌ನ ಸಮಾಧಿ 1922ರಲ್ಲಿ ಪತ್ತೆಯಾದಾಗ ಆರು ರಥಗಳು ದೊರೆತವು. ಅವುಗಳಲ್ಲಿ ನೊಗದ ಎರಡೂ ಬದಿಗೆ ಕವೆಯಂಥ ಮರದ ತುಂಡು ಕಟ್ಟಿ ಕುದುರೆಯ ಕತ್ತಿನ ಬುಡಕ್ಕೆ ಕೂರಿಸುತ್ತಿದ್ದರು. ಎತ್ತಿನ ನೊಗವನ್ನು ಕುದುರೆಯ ಮೈಗೆ ಹೊಂದಿಸಿದ ಈ ಉಪಾಯ ಹಗುರ ರಥಕ್ಕೆ ಸಾಕಾಗಿತ್ತು.

ಭಾರದ ಗಾಡಿಗೂ ಅದು ಸಾಕಾಗಿತ್ತೇ? ನಿವೃತ್ತ ಫ್ರೆಂಚ್ ಸೇನಾಧಿಕಾರಿ ಲೆಫೆಬ್ವ್ರ್ ದೆ ನೊಎಟ್, 1931ರ ತನ್ನ ಗ್ರಂಥದಲ್ಲಿ, ಇಲ್ಲವೆಂದು ವಾದಿಸಿದ. ನೊಗವನ್ನು ಹಿಡಿದಿಡುವ ಕೊರಳಿನ ಪಟ್ಟಿ ಉಸಿರುಗಟ್ಟಿಸುತ್ತಿದ್ದುದರಿಂದ ಹಳೆಯ ಕಾಲದ ಕುದುರೆ ಹೆಚ್ಚು ಎಳೆಯಲಾರದಾಗಿತ್ತು, ಆ ಕೊರತೆಯನ್ನು ಗುಲಾಮರ ದುಡಿಮೆ ತುಂಬಿತು ಎಂಬುದು ಅವನ ನಿಲುವು. ರೋಮನ್ ಕಾನೂನು ಗಾಡಿಗಳ ಹೊರೆಗೆ ಹಾಕಿದ್ದ ಮಿತಿಯೂ ಅವನಿಗೆ ಸಾಕ್ಷಿಯಾಯಿತು. ಮುಂದೆ ಜ್ಯಾಂ ಸ್ಪ್ರುಯಿಟ್ ಎಂಬಾತ ಹಳೆಯ ಸಜ್ಜುಗಳನ್ನೇ ಮರಳಿ ತಯಾರಿಸಿ, ಕುದುರೆಗಳಿಗೆ ತೊಡಿಸಿ ಓಡಿಸಿ ನೋಡಿದ. ಸರಿಯಾಗಿ ಕಟ್ಟಿದರೆ ಉಸಿರು ಕಟ್ಟುವುದಿಲ್ಲವೆಂದೂ, ಬೇರೆ ಬೇರೆ ಎರಡು ವಿಧಾನಗಳನ್ನು ಲೆಫೆಬ್ವ್ರ್ ಒಂದೆಂದು ತಿಳಿದಿದ್ದನೆಂದೂ ಅವನ 1977ರ ಪುಸ್ತಕ ತೋರಿಸಿತು. ಲೆಫೆಬ್ವ್ರ್‌ನ ಗ್ರಂಥದ ತರ್ಕವನ್ನು ಕುದುರೆಯ ಮೈಮೇಲೇ ಪರೀಕ್ಷಿಸಿದ ಈ ಕೆಲಸ ತುಂಬಾ ಬೆಲೆಯುಳ್ಳದ್ದು. ಆದರೂ ನೊಗ ಭಾರದ ಬಂಡಿಗೆ ತಕ್ಕ ಸಾಧನವಾಗಿರಲಿಲ್ಲ ಎಂಬ ಮಾತು ಉಳಿಯಿತು.

ಚೀನಾದಲ್ಲಿ ಹಾನ್ ಅರಸರ ಕಾಲಕ್ಕೇ ಎದೆಗೆ ಅಡ್ಡ ಹಾಯುವ ಪಟ್ಟಿ ಬಳಕೆಗೆ ಬಂದಿತ್ತು. ಯುರೋಪಿನಲ್ಲಿ ಸುಮಾರು 9-10ನೇ ಶತಮಾನದ ಹೊತ್ತಿಗೆ ಮೆತ್ತೆ ತುಂಬಿದ ಕೊರಳಪಟ್ಟಿ ನೆಲೆಗೊಂಡಿತು. ಅದು ಗಂಟಲನ್ನು ಬಿಟ್ಟು ಭುಜದ ಮೂಳೆಗಳ ಮೇಲೆ ಕೂರುತ್ತದೆ. ಹೀಗಾಗಿ ಕುದುರೆ ಇಡೀ ಮೈಭಾರವನ್ನು ಮುಂದಕ್ಕೆ ಚೆಲ್ಲಿ ಎಳೆಯಬಲ್ಲದು. 11ನೇ ಶತಮಾನದ ಪ್ರಸಿದ್ಧ ಬೇಯೋ ಕಸೂತಿ ಪಟದಲ್ಲಿ ಕುದುರೆಯೊಂದು ಕುಂಟೆ ಎಳೆಯುತ್ತಿದೆ. ಹೊಲದ ಕೆಲಸಕ್ಕೂ ಅದು ಇಳಿದಿತ್ತೆಂಬುದಕ್ಕೆ ಇದು ಗುರುತು.

ಜೋಡಿಯ ಮಟ್ಟಿಗೆ ಇನ್ನೊಂದು ತೊಡಕಿತ್ತು. ಎರಡು ಕುದುರೆಗಳ ಹೆಜ್ಜೆ ಎಂದೂ ಒಂದೇ ಸಮ ಇರುವುದಿಲ್ಲ. ಅದಕ್ಕೆ ಪ್ರತಿ ಕುದುರೆಯ ಹಿಂದೆ ಒಂದು ಅಡ್ಡಗೋಲು, ಎರಡನ್ನೂ ಹಿಡಿಯುವ ಮತ್ತೊಂದು ದೊಡ್ಡ ಅಡ್ಡಗೋಲು ಬಂದವು. ನಡುವಿನ ಕೀಲಿನ ಮೇಲೆ ದೊಡ್ಡ ಕೋಲು ಹೊರಳುತ್ತ, ಮುಂದಾದ ಕುದುರೆಯ ಎಳೆತವನ್ನು ಹಿಂದುಳಿದದ್ದರ ಜೊತೆ ಸರಿತೂಗಿಸುತ್ತದೆ. ಒಂದು ಕುದುರೆ ಬಲಹೀನವಾಗಿದ್ದರೆ ಕೀಲನ್ನು ಬಲಶಾಲಿಯ ಕಡೆಗೆ ತುಸು ಸರಿಸುತ್ತಾರೆ. ಬಲಹೀನ ಕುದುರೆಗೆ ಕೋಲಿನ ಉದ್ದನೆಯ ತೋಳು ಸಿಕ್ಕಿ ಹೊರೆ ಹಗುರವಾಗುತ್ತದೆ. ಹೆಸರುಳಿಯದ ಬಡಗಿಗಳ ಈ ಜಾಣ್ಮೆಗೆ ಇತಿಹಾಸ ಕೊಟ್ಟ ಮಾನ ಸಾಲದು.

ಅಮೆರಿಕದ ಹೊಲಗಳಲ್ಲಿ ಈ ವಿದ್ಯೆ ದಿನನಿತ್ಯದ ಕೆಲಸವಾಯಿತು. ಕಟ್ಟುವ ಕ್ರಮ ಪ್ರಾಣರಕ್ಷಣೆಯ ಪ್ರಶ್ನೆ. ಸಜ್ಜು ತೊಡಿಸಿದ ಕುದುರೆಗಳನ್ನು ಮೂಕಿಯ ಎರಡು ಬದಿಗೆ ನಿಲ್ಲಿಸಿ, ಲಗಾಮು ಜೋಡಿಸಿ, ಎರಡೂ ಕೊರಳಪಟ್ಟಿಗಳ ನಡುವೆ ತೂಗುವ ಮುಂದಿನ ಅಡ್ಡಕೋಲಿಗೆ ಮೂಕಿಯ ತುದಿ ಸಿಕ್ಕಿಸುತ್ತಾರೆ. ಎಳೆಯುವ ಮಿಣಿಗಳನ್ನು ಹಿಂದಿನ ಅಡ್ಡಗೋಲುಗಳಿಗೆ ಕಟ್ಟುವುದು ಕಡೆಗೆ. ಬಿಚ್ಚುವಾಗ ಅವೇ ಮೊದಲು. ಮೂಕಿ ಸಡಿಲವಾಗಿರುವಾಗ ಮಿಣಿಗಳು ಬಿಗಿದಿದ್ದರೆ, ಬೆದರಿದ ಕುದುರೆ ಗಾಡಿಯನ್ನು ಎಳೆದುಕೊಂಡೇ ಓಡುತ್ತದೆ. ಮೂಕಿ ನೆಲಕ್ಕೆ ನಾಟುತ್ತದೆ, ಗಾಡಿ ಕಾಲಿಗೆ ಬಡಿಯುತ್ತದೆ.

1910ರ ದಶಕದಲ್ಲಿ ಅಮೆರಿಕದ ಹೊಲಗಳಲ್ಲಿ ಕುದುರೆ, ಹೇಸರಗತ್ತೆಗಳ ಸಂಖ್ಯೆ ಸುಮಾರು 2.6 ಕೋಟಿಗೆ ಮುಟ್ಟಿತ್ತು. ಟ್ರ್ಯಾಕ್ಟರ್, ಲಾರಿಗಳು ಬಂದ ಮೇಲೆ ಅದು ಬೇಗನೆ ಇಳಿಯಿತು. ಆದರೂ ಪೆನ್ಸಿಲ್ವೇನಿಯಾದ ಆಮಿಶ್ ಪಂಥದ ರೈತರು ಇಂದಿಗೂ ಬಂಡಿಗೆ, ನೇಗಿಲಿಗೆ ಕುದುರೆಗಳನ್ನು ಕಟ್ಟುತ್ತಾರೆ.