ಪಿಯಾನೋ, ಪೇಟಿ ಮತ್ತು ನಮ್ಮ ಮಕ್ಕಳು

ಶತಮಾನೋತ್ಸವದ ಈ ಸಂಚಿಕೆಯಲ್ಲಿ ದೇವಾಲಯದ ಕಟ್ಟಡವನ್ನೂ ಗುರುಗಳನ್ನೂ ದಾನಿಗಳನ್ನೂ ಕುರಿತು ಅನ್ಯರು ಬರೆದಿರುವರು. ಗಾನವೃಂದದ ಮೂಲೆಯಲ್ಲಿ ಕುಳಿತು ಬಲಿಪೂಜೆಗೆ ಸ್ವರವನ್ನೊದಗಿಸುತ್ತ ಬಂದ ಮರದ ಪೆಟ್ಟಿಗೆಯನ್ನೂ, ಮುಂದಿನ ಶತಮಾನದಲ್ಲಿ ಅದರ ಮುಂದೆ ಕೂಡ್ರಬೇಕಾದ ಮಗುವನ್ನೂ ಕುರಿತು ನಾಲ್ಕು ಮಾತು ಬರೆಯುವುದು ನನ್ನ ಉದ್ದೇಶ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ತಂದೆತಾಯಿಗಳು ಈಚೆಗೆ ನನ್ನನ್ನು ಕೇಳುವುದುಂಟು: "ಫಾದರ್, ಹುಡುಗಿಗೆ ಪಿಯಾನೋ ಕಲಿಸಬೇಕಂತ ಆಸೆ ಐತ್ರಿ. ಮನ್ಯಾಗ ಪಿಯಾನೋ ಇಲ್ಲ, ಹ್ಯಾಂಗ ಮಾಡೂದ್ರಿ?" ಈ ಪ್ರಶ್ನೆಗೆ ಚರಿತ್ರೆಯೇ ಉತ್ತರವನ್ನು ಕೊಡುತ್ತದೆ.

ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಸುಮಾರು 1700ರಲ್ಲಿ ಬಾರ್ತಲೋಮಿಯೋ ಕ್ರಿಸ್ತೋಫೋರಿ ಎಂಬಾತನು ಪಿಯಾನೋ ವಾದ್ಯವನ್ನು ನಿರ್ಮಿಸಿದನು. ಮಣೆಯನ್ನು ಒತ್ತಿದರೆ ಪುಟ್ಟ ಸುತ್ತಿಗೆಯೊಂದು ತಂತಿಗೆ ಬಡಿಯುತ್ತದೆ. ಬೆರಳಿನ ಬಲಕ್ಕೆ ತಕ್ಕಂತೆ ನಾದವು ಮೃದುವಾಗಿಯೋ ಗಟ್ಟಿಯಾಗಿಯೋ ಹೊಮ್ಮುತ್ತದೆ. ಆದರೆ ಅದು ಸಭಾಭವನಗಳ ವಾದ್ಯವೆನಿಸಿತು. ಸಂತ ಸಿಸಿಲಿಯಾಳ ಹಬ್ಬವಾದ 1903ರ ನವೆಂಬರ್ 22ರಂದು ಜಗದ್ಗುರು ಹತ್ತನೆಯ ಪಯಸ್‌ರವರು ಹೊರಡಿಸಿದ ಆಜ್ಞೆಯಲ್ಲಿ ದೇವಾಲಯದೊಳಗೆ ಪಿಯಾನೋ ನುಡಿಸುವುದು ನಿಷೇಧಿಸಲ್ಪಟ್ಟಿತು. ಆರ್ಗನ್ನೇ ಧರ್ಮಸಭೆಯ ವಾದ್ಯವಾಗಿ ಉಳಿಯಿತು.

ಬಡ ಧರ್ಮಕೇಂದ್ರಗಳಿಗೆ ಕೊಳವೆಗಳ ಆರ್ಗನ್ ಎಟುಕದ ಮಾತು. ಈ ಕೊರತೆಯನ್ನು ತುಂಬಿದ್ದು, ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೇನನು 1842ರಲ್ಲಿ ಹಕ್ಕುಪತ್ರ ಪಡೆದ ಹಾರ್ಮೋನಿಯಂ. ಕಾಲಿನಿಂದ ಗಾಳಿ ಹಾಕುವ ಈ ವಾದ್ಯವನ್ನು, ನೆಲದ ಮೇಲೆ ಕುಳಿತು ಕೈಯಿಂದಲೇ ಗಾಳಿ ಹಾಕಿ ನುಡಿಸುವಂತೆ ಮಾರ್ಪಡಿಸಿದವರಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ಪ್ರಮುಖರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ'ವನ್ನು ಆಡಿಸಿದ ತರುವಾಯ ಸಂಗೀತ ನಾಟಕಗಳ ಯುಗವೇ ತೆರೆಯಿತು. ನಾಟಕ ಕಂಪನಿಗಳಿಂದಲೂ ಭಜನಾ ಮೇಳಗಳಿಂದಲೂ ಪೇಟಿಯು ನಮ್ಮ ಸೀಮೆಯ ಜನರ ಮನೆಯ ಮಾತಾಯಿತು. ಕಾಗವಾಡದಲ್ಲಿ ಜನಿಸಿ ಬೆಳಗಾವಿಯಲ್ಲಿ ಅನೇಕ ಶಿಷ್ಯರನ್ನು ಸಿದ್ಧಗೊಳಿಸಿದ ರಾಂಭಾವು ಬಿಜಾಪುರೆ (1917-2010) ಅವರಂಥ ಪೇಟಿ ವಿದ್ವಾಂಸರು ಈ ನಾಡಿನವರೇ.

ಈ ವಾದ್ಯಕ್ಕೂ ನಿಷೇಧ ತಪ್ಪಲಿಲ್ಲ. ಅದರ ಸ್ಥಿರ ಸ್ವರಗಳು ನಮ್ಮ ರಾಗಗಳ ಸೂಕ್ಷ್ಮ ಶ್ರುತಿಗಳಿಗೆ ಹೊಂದಲಾರವೆಂದು ಆಕಾಶವಾಣಿಯು 1940ರಲ್ಲಿ ಅದನ್ನು ದೂರವಿಟ್ಟಿತು. ಆ ಕಟ್ಟು ಸಡಿಲಗೊಂಡದ್ದು 1971ರಲ್ಲಿ. ಅಷ್ಟರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರ ಸಂವಿಧಾನದಲ್ಲಿ ಆರ್ಗನ್ನನ್ನು ಗೌರವಿಸಿ, ಪವಿತ್ರ ಉಪಯೋಗಕ್ಕೆ ಯೋಗ್ಯವಾದ ಇತರ ವಾದ್ಯಗಳಿಗೂ ಧರ್ಮಾಧಿಕಾರಿಗಳ ಸಮ್ಮತಿಯೊಡನೆ ಬಾಗಿಲು ತೆರೆದಿತ್ತು. ಆಯಾ ಜನರ ಸಂಗೀತ ಪರಂಪರೆಗೆ ಸಲ್ಲತಕ್ಕ ಮರ್ಯಾದೆಯನ್ನೂ ಸೂಚಿಸಿತ್ತು. ಆದುದರಿಂದ ಪಿಯಾನೋ ಇಲ್ಲವೆಂದು ಚಿಂತಿಸಬೇಕಾಗಿಲ್ಲ. ಕರಿ ಬಿಳಿ ಮಣೆಗಳ ಸಾಲು ಎರಡರಲ್ಲಿಯೂ ಒಂದೇ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಬಹುವರ್ಷಗಳ ಹಿಂದೆ ನೇಕಾರರ ಮನೆಯ ಏಳು ವರ್ಷದ ಹುಡುಗಿಯೊಬ್ಬಳನ್ನು ಪೇಟಿಯ ಮುಂದೆ ಕೂಡ್ರಿಸಿ, ಗುರುಮಠದಲ್ಲಿ ನಾನು ಕಲಿತಿದ್ದ ಐದು ಗೆರೆಗಳ ಸ್ವರಲಿಪಿಯನ್ನು ಮೊದಲ ದಿನವೇ ಅವಳೆದುರು ಹರಡಿದೆನು. ಅವಳು ತಡವರಿಸಿದಳು. "ನಿನಗೆ ಸ್ವರದ ಕಿವಿಯೇ ಇಲ್ಲ" ಎಂದು ಎಲ್ಲರೆದುರು ಅಂದುಬಿಟ್ಟೆನು. ಮಗು ಮತ್ತೆ ಬರಲಿಲ್ಲ. ಕೆಲವು ದಿನಗಳ ನಂತರ ಅವಳ ಓಣಿಯಲ್ಲಿ ಹಾದುಹೋಗುವಾಗ, ಕಂಡಿಕೆ ಸುತ್ತುತ್ತ ಅವಳು ಹಾಡುತ್ತಿದ್ದ ಕೀರ್ತನೆ ಕೇಳಿಸಿತು. ಒಂದು ಸ್ವರವೂ ತಪ್ಪಿರಲಿಲ್ಲ! ದೋಷವಿದ್ದುದು ಅವಳ ಕಿವಿಯಲ್ಲಲ್ಲ, ನನ್ನ ಪಾಠದ ಕ್ರಮದಲ್ಲಿ.

ಅಂದಿನಿಂದ ನಾನು ಅನುಸರಿಸಿದ ಕ್ರಮವಿದು. ಮೊದಲು ಮಗು ಹಾಡಲಿ. ಪೇಟಿಯ ಷಡ್ಜಕ್ಕೆ ತನ್ನ ಕಂಠವನ್ನು ಕೂಡಿಸಲಿ. ಅನಂತರ ಕರಿ ಮಣೆಗಳು ಎರಡೆರಡಾಗಿಯೂ ಮೂರುಮೂರಾಗಿಯೂ ಗುಂಪುಗೂಡಿರುವುದನ್ನು ತಾನೇ ಎಣಿಸಲಿ. ಎರಡರ ಗುಂಪಿನ ಎಡಕ್ಕೆ ಇರುವ ಬಿಳಿ ಮಣೆಯೇ ಪೇಟಿಯವರ 'ಬಿಳಿ ಒಂದು', ಪಿಯಾನೋದವರ 'ಸಿ'. ಅಲ್ಲಿ ಬಲಗೈಯ ಹೆಬ್ಬೆರಳನ್ನಿಟ್ಟರೆ ಸ ರಿ ಗ ಮ ಪ ಎಂಬ ಐದು ಸ್ವರಗಳಿಗೆ ಐದು ಬೆರಳು ಸರಿಯಾಗಿ ಒದಗುತ್ತವೆ. ಅಂಗೈಯಲ್ಲಿ ಲಿಂಬೆಹಣ್ಣು ಹಿಡಿದಂತೆ ಬೆರಳುಗಳು ಬಾಗಿರಲಿ. ಆರಂಭದಲ್ಲಿ ಗಾಳಿ ಹಾಕುವ ಕೆಲಸವನ್ನು ಹಿರಿಯರೇ ಮಾಡಲಿ. ಪರಿಚಿತ ಕೀರ್ತನೆಯ ಒಂದು ಸಾಲು ಕೈಗೆ ಕೂಡಿದ ಮೇಲೆ ಸ್ವರಲಿಪಿ ಬರಲಿ. ದಿನಕ್ಕೆ ಹತ್ತು ನಿಮಿಷ ಸಾಕು, ಆದರೆ ದಿನವೂ ಆಗಬೇಕು.

ಮುಂದೆ ಪಿಯಾನೋ ದೊರೆತಾಗ ಎರಡು ಸಂಗತಿಗಳನ್ನು ಹೊಸದಾಗಿ ಕಲಿಯಬೇಕಾಗುವುದು. ಪೇಟಿಯಲ್ಲಿ ಗಾಳಿಯು ಮಾಡುವ ಏರಿಳಿತವನ್ನು ಅಲ್ಲಿ ಬೆರಳೇ ಮಾಡಬೇಕು. ಗಾಳಿ ಹಾಕುತ್ತಿದ್ದ ಎಡಗೈಯೂ ಸ್ವರ ನುಡಿಸಬೇಕು. ಕುಣಿಮಗ್ಗದಲ್ಲಿ ಕೈಗೊಂದು ಕಾಲಿಗೊಂದು ಕೆಲಸ ಕೊಟ್ಟು ಸೀರೆ ನೇಯುವವರ ಮಕ್ಕಳಿಗೆ ಇದು ಅಸಾಧ್ಯವೇನಲ್ಲ. ವಿದ್ಯುತ್ ಕೀಬೋರ್ಡ್ ಕೊಳ್ಳುವವರು ಅದರ ತಾನೇ ಬಾರಿಸುವ ತಾಳವನ್ನು ಆರಂಭದಲ್ಲಿ ನಿಲ್ಲಿಸಿಡುವುದು ಲೇಸು. ತಾಳವು ಮಗುವಿನ ಒಳಗಿನಿಂದ ಹುಟ್ಟಬೇಕು.

ನೂರು ವರ್ಷದ ದೇವಾಲಯಕ್ಕೆ ಸುಣ್ಣ ಬಳಿಯುವುದು ಸುಲಭ. ಅದರ ಹಾಡನ್ನು ಉಳಿಸುವವರು ಮಾತ್ರ ಈಗ ಏಳೆಂಟು ವರ್ಷದ ಮಕ್ಕಳಾಗಿ ನಮ್ಮ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರು ತಪ್ಪು ಮಣೆ ಒತ್ತಿದಾಗ ನಾವು ತಾಳ್ಮೆಯಿಂದಿರುವಂತೆ ಪ್ರಭುವು ನಮ್ಮನ್ನು ಅನುಗ್ರಹಿಸಲಿ.