ದಸರೆಯ ವಾರ ಮತ್ತು ಬೆಂಗಳೂರಿನ ಮೈಕ್ರೋಬ್ರೂವರಿಗಳು

2025ರಲ್ಲಿ ವಿಜಯದಶಮಿಯೂ ಗಾಂಧಿ ಜಯಂತಿಯೂ ಅಕ್ಟೋಬರ್ 2ರಂದು ಒಂದೇ ದಿನ ಬಂದವು. ಗಾಂಧಿ ಜಯಂತಿಯಂದು ರಾಜ್ಯದಾದ್ಯಂತ ಮದ್ಯ ಮಾರಾಟ ನಿಷೇಧವಿರುವುದರಿಂದ, ದಸರೆಯ ರಜೆಯ ಮುಖ್ಯ ದಿನದಂದೇ ಬೆಂಗಳೂರಿನ ಬಿಯರ್ ಮನೆಗಳು ಬಾಗಿಲು ಹಾಕಬೇಕಾಯಿತು. ಅದೇ ಹೊತ್ತಿನಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಆಕ್ಟೋಬರ್‌ಫೆಸ್ಟ್ ನಡೆದಿತ್ತು. 1810ರ ಅಕ್ಟೋಬರಿನಲ್ಲಿ ಬವೇರಿಯದ ಯುವರಾಜ ಲುಡ್ವಿಗ್‌ನ ವಿವಾಹದ ಸಂಭ್ರಮವಾಗಿ ಆರಂಭಗೊಂಡ ಈ ಉತ್ಸವ ಈಗ ಸೆಪ್ಟೆಂಬರ್ ಉತ್ತರಾರ್ಧದಲ್ಲಿ ಶುರುವಾಗಿ ಅಕ್ಟೋಬರ್ ಮೊದಲ ವಾರ ಮುಗಿಯುತ್ತದೆ. ನಮ್ಮ ನವರಾತ್ರಿಗೆ ಬಹುತೇಕ ವರ್ಷ ಅದು ಸಮೀಪವಾಗಿಯೇ ಬರುವುದರಿಂದ, ಬೆಂಗಳೂರಿನ ಬಿಯರ್ ಉದ್ಯಮಕ್ಕೆ ಈ ದಿನಗಳು ಎರಡು ಹಬ್ಬಗಳು ಕೂಡುವ ಸುಗ್ಗಿ.

ರಾಯಚೂರು, ಮಾನ್ವಿ, ದೇವದುರ್ಗದ ಕಡೆಯಿಂದ ರಜೆಗೆಂದು ರಾಜಧಾನಿಗೆ ಹೋಗುವ ಯುವಜನರ ಪೈಕಿ ಇಂತಹ ಸ್ಥಳಗಳನ್ನು ನೋಡಬಯಸುವವರು ಕಡಿಮೆಯೇನಲ್ಲ. ಅಲ್ಲಿ ದೊರೆಯುವುದು ಏನು, ಅದು ಅಂಗಡಿಯ ಬಾಟಲಿಗಿಂತ ಹೇಗೆ ಭಿನ್ನ, ಕಾನೂನು ಏನನ್ನುತ್ತದೆ ಎಂಬ ವಿವರಗಳು ಮಾತ್ರ ಸುಲಭವಾಗಿ ಒಂದೆಡೆ ಸಿಗುವುದಿಲ್ಲ.

ದಂಡಿನ ಬಿಯರ್‌ನಿಂದ ಪಬ್ ನಗರಿಯವರೆಗೆ

ಬೆಂಗಳೂರಿಗೆ ಬಿಯರ್ ಬಂದದ್ದು ದಂಡು ಪ್ರದೇಶದ ಬ್ರಿಟಿಷ್ ಸೈನಿಕರಿಗಾಗಿ. ದೊಡ್ಡ ಪೀಪಾಯಿಗಳನ್ನು ಎತ್ತಿನ ಗಾಡಿಗಳಲ್ಲಿ ಸಾಗಿಸುತ್ತಿದ್ದ ಕಾಲವದು. ದಕ್ಷಿಣ ಭಾರತದ ಐದು ಸಣ್ಣ ಬ್ರೂವರಿಗಳನ್ನು ಒಂದುಗೂಡಿಸಿ ಥಾಮಸ್ ಲೀಶ್‌ಮನ್ ಎಂಬಾತ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಸಂಸ್ಥೆ ಕಟ್ಟಿದನು. ಸ್ವಾತಂತ್ರ್ಯದ ವರ್ಷ, 1947ರಲ್ಲಿ, ವಿಠ್ಠಲ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು. 2021ರಲ್ಲಿ ಸಂಸ್ಥೆಯ ನಿಯಂತ್ರಣ ಹಾಲೆಂಡಿನ ಹೈನೆಕೆನ್ ಕಂಪನಿಗೆ ಸೇರಿತು. ಇಂದು ಯುಬಿ ಸಿಟಿ ಎಂಬ ಐಷಾರಾಮಿ ಮಳಿಗೆ ಸಂಕೀರ್ಣ ಎದ್ದು ನಿಂತಿರುವ ಜಾಗ ಹಿಂದೊಮ್ಮೆ ಬ್ರೂವರಿಯ ಅಂಗಳವಾಗಿತ್ತು ಎಂಬುದು ಅಲ್ಲಿ ತಿರುಗಾಡುವ ಅನೇಕರಿಗೆ ತಿಳಿದಿರಲಾರದು.

1980ರ ದಶಕದಲ್ಲಿ ಪೀಪಾಯಿಯಿಂದ ನೇರವಾಗಿ ಲೋಟಕ್ಕಿಳಿಸುವ ಡ್ರಾಫ್ಟ್ ಬಿಯರ್‌ನ ಪಬ್ಬುಗಳು ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟ್ ಸುತ್ತ ಹುಟ್ಟಿಕೊಂಡವು. 1989ರಲ್ಲಿ ರೆಸ್ಟ್ ಹೌಸ್ ರಸ್ತೆಯಲ್ಲಿ ತೆರೆದ ಪೆಕೋಸ್ ಆ ಪೀಳಿಗೆಯದು. ನಗರಕ್ಕೆ ‘ಪಬ್ ಸಿಟಿ’ ಎಂಬ ಹೆಸರು ಅಂಟಿದ್ದು ಆಗಲೇ. ಆದರೆ ಬ್ರಾಂಡು ಒಂದೋ ಎರಡೋ, ರುಚಿ ಎಲ್ಲೆಡೆ ಒಂದೇ.

ಸ್ಥಳದಲ್ಲೇ ಬಿಯರ್ ತಯಾರಿಸಿ ಅಲ್ಲಿಯೇ ಬಡಿಸುವ ಪದ್ಧತಿಗೆ ದೇಶದಲ್ಲಿ ಹರಿಯಾಣ ಹಾಗೂ ಮಹಾರಾಷ್ಟ್ರ ಮೊದಲು ದಾರಿ ಮಾಡಿಕೊಟ್ಟವು. ಪುಣೆಯಲ್ಲಿ 2009ರಲ್ಲಿ ಡೂಲಾಲಿ ಆರಂಭವಾಗಿತ್ತು. ಕರ್ನಾಟಕ ಅಬಕಾರಿ ನಿಯಮಗಳಿಗೆ ತಿದ್ದುಪಡಿ ತಂದು ದಿನಕ್ಕೆ 1000 ಲೀಟರ್ ಮಿತಿಯ ಮೈಕ್ರೋಬ್ರೂವರಿ ಸನ್ನದು ಕೊಡಲು ಮುಂದಾದ ಮೇಲೆ, ಬೆಂಗಳೂರು ಉಳಿದ ನಗರಗಳನ್ನು ಬೇಗನೆ ಹಿಂದಿಕ್ಕಿತು. ಇಂದಿರಾನಗರದ 100 ಅಡಿ ರಸ್ತೆಯ ಟಾಯ್ಟ್ 2010ರಲ್ಲಿ, ವಿಠ್ಠಲ ಮಲ್ಯ ರಸ್ತೆಯ ಬಿಯರ್ ಕ್ಲಬ್ 2011ರಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದ ಮೂಲ ಸಂಸ್ಥೆಯ ಹೆಸರಿನಲ್ಲಿ ಮ್ಯಾಗ್ರಾತ್ ರಸ್ತೆಯ ಆರ್ಬರ್ ಬ್ರೂಯಿಂಗ್ ಕಂಪನಿ 2012ರಲ್ಲಿ ಬಂದವು. ಜಾಝ್ ಸಂಗೀತಕ್ಕೂ ಪುಸ್ತಕಗಳಿಗೂ ಹೆಸರಾದ ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್ ಕೂಡ 2012ರದೇ. ಈಗ ನಗರದಲ್ಲಿ ಇವುಗಳ ಸಂಖ್ಯೆ ಅರವತ್ತನ್ನು ಮೀರಿದೆ.

ಲೋಟದಲ್ಲಿ ಇರುವುದೇನು

ಮೊಳಕೆಯೊಡೆಸಿ ಒಣಗಿಸಿದ ಬಾರ್ಲಿ, ಅಂದರೆ ಮಾಲ್ಟ್, ಇದರ ಮೂಲದ್ರವ್ಯ. ಪುಡಿ ಮಾಡಿದ ಮಾಲ್ಟನ್ನು ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿದಾಗ ಪಿಷ್ಟವು ಸಕ್ಕರೆಯಾಗಿ ಮಾರ್ಪಡುತ್ತದೆ. ಸೋಸಿದ ಸಿಹಿನೀರನ್ನು ಕುದಿಸುವಾಗ ಹಾಪ್ಸ್ ಹೂಗಳನ್ನು ಹಾಕುತ್ತಾರೆ; ಬಿಯರ್‌ನ ಕಹಿ, ಪರಿಮಳ ಎರಡೂ ಅದರಿಂದಲೇ. ತಣಿದ ಬಳಿಕ ಯೀಸ್ಟ್ ಬೆರೆಸಿದರೆ ಹುದುಗುವಿಕೆ ಆರಂಭ. ಏಲ್ ಜಾತಿಯದು 20 ಡಿಗ್ರಿಯ ಆಸುಪಾಸಿನಲ್ಲಿ ವಾರದೊಳಗೆ ಹುದುಗುತ್ತದೆ. ಲಾಗರ್‌ಗೆ 10-12 ಡಿಗ್ರಿಯ ತಂಪು ಬೇಕು, ಹಣ್ಣಾಗಲು ವಾರಗಟ್ಟಲೆ ಕಾಯಬೇಕು. ಜಾಗವೂ ಟ್ಯಾಂಕುಗಳೂ ಕಡಿಮೆಯಿರುವ ಇಂತಹ ಘಟಕಗಳಲ್ಲಿ ಏಲ್ ಹಾಗೂ ಗೋಧಿ ಬಿಯರ್‌ಗಳೇ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣ.

ಗೋಧಿ ಬಿಯರ್‌ನಲ್ಲಿ ಬಾಳೆಹಣ್ಣಿನ, ಲವಂಗದ ವಾಸನೆ ಬಂದರೆ ಅದು ಕಲಬೆರಕೆಯಲ್ಲ, ಯೀಸ್ಟಿನ ಗುಣ. ಮೋಡ ಕವಿದಂತೆ ಮಬ್ಬಾಗಿರುವುದೂ ದೋಷವಲ್ಲ. ಸೋಸದೆ, ಪಾಶ್ಚರೀಕರಣ ಮಾಡದೆ ಕೊಡುವುದರಿಂದ ಹಾಗಿರುತ್ತದೆ. ಅದೇ ಕಾರಣಕ್ಕೆ ಬಹುಕಾಲ ಕೆಡದೆ ಉಳಿಯುವುದಿಲ್ಲ. 2020ರ ಲಾಕ್‌ಡೌನ್ ವೇಳೆ ಟ್ಯಾಂಕುಗಳಲ್ಲಿ ಉಳಿದ ಬಿಯರ್ ವ್ಯರ್ಥವಾಗುವ ಭೀತಿ ಎದುರಾದಾಗ, ಸರ್ಕಾರ ತಾತ್ಕಾಲಿಕವಾಗಿ ಪಾರ್ಸೆಲ್‌ಗೆ ಅವಕಾಶ ನೀಡಬೇಕಾಯಿತು. ಟಾಯ್ಟ್‌ನ ಬಾಸ್ಮತಿ ಬ್ಲಾಂಡ್‌ನಲ್ಲಿ ಅಕ್ಕಿ ಇರುತ್ತದೆ. ಬೇರೆಡೆ ಮಾವು, ಕಾಫಿ, ರಾಗಿಯ ಪ್ರಯೋಗಗಳೂ ನಡೆದಿವೆ. ಆಕ್ಟೋಬರ್‌ಫೆಸ್ಟ್ ವಾರದಲ್ಲಿ ಕೆಲವೆಡೆ ‘ಮಾರ್ಟ್ಸೆನ್’ ಎಂಬ ಕಂದುಬಣ್ಣದ ಲಾಗರ್ ಸಿಗುತ್ತದೆ. ಮೊದಲ ಬಾರಿ ಹೋಗುವವರು ಪೂರ್ಣ ಲೋಟ ತರಿಸುವ ಬದಲು ‘ಸ್ಯಾಂಪ್ಲರ್’ ಕೇಳುವುದು ಲೇಸು. ಸಣ್ಣ ಲೋಟಗಳಲ್ಲಿ ಬಗೆಬಗೆಯ ರುಚಿ ನೋಡಿದರೆ ಜೇಬಿಗೂ ತಲೆಗೂ ಹೊರೆ ಕಡಿಮೆ.

ರಾಯಚೂರಿನ ಸೇಂದಿ

ಹುದುಗಿದ ತಾಜಾ ಪಾನೀಯ ರಾಯಚೂರು ಸೀಮೆಗೆ ಹೊಸದಲ್ಲ. ನಿಜಾಮರ ಆಳ್ವಿಕೆಯ ಕಾಲದಿಂದ ಈಚಲು ಮರದ ಸೇಂದಿ ಇಲ್ಲಿನ ಜನಜೀವನದ ಭಾಗವಾಗಿತ್ತು. ಬೆಳಿಗ್ಗೆ ಇಳಿಸಿದ ಸೇಂದಿ ಸಂಜೆಯ ಹೊತ್ತಿಗೆ ಹುಳಿಯಾಗುತ್ತದೆ. ಮರಗಳು ಕಡಿಮೆಯಾಗಿ ಬೇಡಿಕೆ ಹೆಚ್ಚಿದಂತೆ ನೀರಿಗೆ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್ ಎಂಬ ನಿದ್ರಾಜನಕ, ಬೆರೆಸಿ ಸೇಂದಿಯೆಂದು ಮಾರುವ ದಂಧೆ ಬೆಳೆಯಿತು. ಇದರ ದಾಸರಾದವರು ಒಮ್ಮೆಲೆ ಬಿಟ್ಟರೆ ಕೈಕಾಲು ನಡುಕ, ಫಿಟ್ಸ್, ಭ್ರಮೆಗಳಿಗೆ ಒಳಗಾಗುತ್ತಾರೆ. ಕರಾವಳಿಯ ದಕ್ಷಿಣ ಕನ್ನಡ, ಉಡುಪಿ ಬಿಟ್ಟು ಉಳಿದೆಡೆ ರಾಜ್ಯ ಸರ್ಕಾರ ಸೇಂದಿಯನ್ನು ನಿಷೇಧಿಸಿತು. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಗಡಿಯಾಚೆ ತೆಲಂಗಾಣದಲ್ಲಿ ಸೇಂದಿ ಕಾನೂನುಬದ್ಧವಾಗಿರುವುದರಿಂದ ಗಡಿ ತಾಲ್ಲೂಕುಗಳಲ್ಲಿ ಪೌಡರಿನ ಬಾಧೆ ಪೂರ್ತಿ ತೊಲಗಿಲ್ಲ. 2025ರ ಜುಲೈನಲ್ಲಿ ಹೈದರಾಬಾದಿನ ಕೂಕಟಪಲ್ಲಿಯಲ್ಲಿ ಕಲಬೆರಕೆ ಸೇಂದಿ ಕುಡಿದು ಹಲವರು ಪ್ರಾಣ ಕಳೆದುಕೊಂಡರು.

ಒಂದು ಪಾನೀಯಕ್ಕೆ ಸನ್ನದು, ತಪಾಸಣೆ, ಗಾಜಿನ ಗೋಡೆಯಾಚೆ ಹೊಳೆಯುವ ಉಕ್ಕಿನ ಟ್ಯಾಂಕುಗಳು ದೊರೆತವು. ಇನ್ನೊಂದಕ್ಕೆ ನಿಷೇಧ ದೊರೆತು, ನಿಷೇಧದ ಮರೆಯಲ್ಲಿ ವಿಷ ಬೆರೆಯಿತು. ಗ್ರಾಹಕರ ಜೇಬು ಈ ವ್ಯತ್ಯಾಸವನ್ನು ನಿರ್ಧರಿಸಲಿಲ್ಲ ಎಂದು ಹೇಳುವುದು ಕಷ್ಟ.

ಮದ್ಯದ ಪ್ರಶ್ನೆ ರಾಯಚೂರಿನ ಮಹಿಳೆಯರನ್ನೂ ಬೆಂಗಳೂರಿಗೆ ಕರೆದೊಯ್ದಿದೆ, ಬೇರೊಂದು ದಾರಿಯಲ್ಲಿ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಕರೆಯ ಮೇರೆಗೆ ಈ ಜಿಲ್ಲೆಯವರೂ ಸೇರಿದಂತೆ ಸಾವಿರಾರು ಗ್ರಾಮೀಣ ಮಹಿಳೆಯರು ಚಿತ್ರದುರ್ಗದಿಂದ ರಾಜಧಾನಿಗೆ ಸುಮಾರು 200 ಕಿ.ಮೀ. ನಡೆದರು. ಹಳ್ಳಿಯ ಕಿರಾಣಿ ಅಂಗಡಿಗಳಲ್ಲೂ ಅಕ್ರಮವಾಗಿ ಮದ್ಯ ಮಾರುತ್ತಿದ್ದಾರೆ, ದುಡಿದ ಕೂಲಿ ಮನೆ ಸೇರುತ್ತಿಲ್ಲ ಎಂಬುದು ಅವರ ಅಳಲು. ರಾಯಚೂರು ಜಿಲ್ಲೆಯಿಂದ ಹೊರಟ ಒಬ್ಬ ಮಹಿಳೆ ದಾರಿಯಲ್ಲಿ ಅಪಘಾತಕ್ಕೆ ಸಿಲುಕಿ ಮೃತಪಟ್ಟರು. ಸಂಪೂರ್ಣ ನಿಷೇಧದ ಬೇಡಿಕೆಗೆ ಯಾವ ಸರ್ಕಾರವೂ ಒಪ್ಪಿಲ್ಲ. 2025-26ರ ಮುಂಗಡಪತ್ರದಲ್ಲಿ ಅಬಕಾರಿಯಿಂದ 40,000 ಕೋಟಿ ರೂ. ವರಮಾನದ ಗುರಿ ಇಟ್ಟುಕೊಂಡ ಖಜಾನೆಗೆ ಅದು ಸುಲಭವೂ ಅಲ್ಲ. ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ 2023ರ ಜುಲೈ ಮುಂಗಡಪತ್ರದಲ್ಲಿ ಶೇ 175ರಿಂದ 185ಕ್ಕೆ, 2024ರಲ್ಲಿ ಶೇ 195ಕ್ಕೆ ಏರಿತು.

ಹೋಗುವವರು ಗಮನಿಸಬೇಕಾದ್ದು

ರಾಜ್ಯದ ಅಬಕಾರಿ ನಿಯಮಾವಳಿಯ ಪ್ರಕಾರ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ಕಾಯ್ದೆಯಲ್ಲಿ 18 ಎಂದಿರುವ ಗೊಂದಲ ಹಳೆಯದು. 2023ರ ಆರಂಭದಲ್ಲಿ 18ಕ್ಕೆ ಇಳಿಸುವ ಪ್ರಸ್ತಾವ ಬಂದು, ಆಕ್ಷೇಪಗಳ ಬಳಿಕ ಕೈಬಿಡಲಾಯಿತು. ವಯಸ್ಸಿನ ಪುರಾವೆ ಜೊತೆಗಿರಬೇಕು.

ಗಾಂಧಿ ಜಯಂತಿಯ ಜೊತೆಗೆ ಮತದಾನ ಮುಗಿಯುವ ಮುನ್ನಿನ 48 ಗಂಟೆಗಳಲ್ಲೂ ಮಾರಾಟವಿಲ್ಲ. ಗಣೇಶ ವಿಸರ್ಜನೆಯಂತಹ ಮೆರವಣಿಗೆಗಳ ದಿನ ಪೊಲೀಸ್ ಕಮಿಷನರ್ ಅಥವಾ ಜಿಲ್ಲಾಧಿಕಾರಿ ಆಯಾ ಪ್ರದೇಶಕ್ಕಷ್ಟೇ ನಿಷೇಧ ಹೊರಡಿಸುವುದುಂಟು; ಒಂದು ಠಾಣೆಯ ವ್ಯಾಪ್ತಿಯಲ್ಲಿ ಮುಚ್ಚಿದ್ದು ಪಕ್ಕದ ಠಾಣೆಯ ವ್ಯಾಪ್ತಿಯಲ್ಲಿ ತೆರೆದಿರಬಹುದು. ಹಬ್ಬದ ವಾರದ ಸಂಜೆಗಳಲ್ಲಿ ನೂಕುನುಗ್ಗಲು ವಿಪರೀತ. ನೋಡಿ, ಕೇಳಿ ತಿಳಿಯಬೇಕೆಂಬ ಆಸೆಯಿದ್ದರೆ ವಾರದ ನಡುವಿನ ಮಧ್ಯಾಹ್ನವೇ ಸೂಕ್ತ.

ವಾಹನ ಚಾಲಕರ ರಕ್ತದಲ್ಲಿ 100 ಮಿ.ಲೀ.ಗೆ 30 ಮಿ.ಗ್ರಾಂ ಮೀರಿ ಮದ್ಯಸಾರ ಕಂಡುಬಂದರೆ 2019ರ ತಿದ್ದುಪಡಿಯನ್ವಯ ಮೊದಲ ಬಾರಿಗೆ 10,000 ರೂ.ವರೆಗೆ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಕೆಲವರಿಗೆ ಒಂದೆರಡು ಲೋಟ ಬಿಯರ್‌ನಲ್ಲೇ ಈ ಮಿತಿ ದಾಟುತ್ತದೆ. 2023ರ ಅಕ್ಟೋಬರಿನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ಣವಾಗಿ ಓಡುತ್ತಿರುವ ಮೆಟ್ರೋ ನೇರಳೆ ಮಾರ್ಗದಲ್ಲಿ ಎಂ.ಜಿ. ರಸ್ತೆ, ಇಂದಿರಾನಗರ, ವೈಟ್‌ಫೀಲ್ಡ್ ಮೂರೂ ಬರುತ್ತವೆ. ರಾಯಚೂರು ಕಡೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬಂದಿಳಿಯುವವರಿಗೆ ಮೆಜೆಸ್ಟಿಕ್‌ನಿಂದಲೇ ಅದು ಲಭ್ಯ. ಬಾರುಗಳಿಗೆ ರಾತ್ರಿ 1 ಗಂಟೆಯವರೆಗೆ ಅನುಮತಿಯಿದ್ದರೂ ಮೆಟ್ರೋ ಅಷ್ಟು ಹೊತ್ತು ಓಡುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡು ಹೊರಡಬೇಕು.