ಕ್ರಿಯಾಟಿನಿನ್ ಪರೀಕ್ಷೆ

ಕ್ರಿಯಾಟಿನಿನ್ ಎಂಬುದು ಸ್ನಾಯುಗಳಲ್ಲಿ ಉತ್ಪತ್ತಿಯಾಗುವ ತ್ಯಾಜ್ಯವಸ್ತು. ಮೂತ್ರಪಿಂಡಗಳು ಇದನ್ನು ರಕ್ತದಿಂದ ಸೋಸಿ ಹೊರಹಾಕುತ್ತವೆ. ಅವುಗಳ ಶಕ್ತಿ ಕುಂದಿದಂತೆ ರಕ್ತದಲ್ಲಿ ಇದರ ಪ್ರಮಾಣ ಏರುತ್ತದೆ. ವಯಸ್ಕರಲ್ಲಿ ಡೆಸಿಲೀಟರಿಗೆ ಸುಮಾರು 0.6ರಿಂದ 1.2 ಮಿಲಿಗ್ರಾಂ ಸಾಮಾನ್ಯ ಮಟ್ಟ. ಆದರೆ ಈ ಅಂಕಿಯೊಂದನ್ನೇ ನೆಚ್ಚುವಂತಿಲ್ಲ. ವಯಸ್ಸು, ಲಿಂಗಗಳನ್ನೂ ಪರಿಗಣಿಸುವ 2021ರ ಸೂತ್ರದಂತೆ, 1.2 ಮಟ್ಟವಿರುವ 25ರ ತರುಣನ ಅಂದಾಜು ಸೋಸುವಿಕೆಯ ದರ (ಇಜಿಎಫ್‌ಆರ್) ನಿಮಿಷಕ್ಕೆ ಸುಮಾರು 86 ಮಿಲಿಲೀಟರ್. ಅದೇ ಮಟ್ಟದ 70ರ ವೃದ್ಧೆಯದು ಸುಮಾರು 49 ಮಾತ್ರ. ಈ ದರ ಮೂರು ತಿಂಗಳಿಗೂ ಮೀರಿ 60ಕ್ಕಿಂತ ಕೆಳಗಿದ್ದರೆ ಅದು ದೀರ್ಘಕಾಲಿಕ ಮೂತ್ರಪಿಂಡ ಕಾಯಿಲೆ.

ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಪಾವಗಡದಂತಹ ತಾಲ್ಲೂಕುಗಳಲ್ಲಿ ಈ ಪರೀಕ್ಷೆಗೆ ಇನ್ನೊಂದು ಮಹತ್ವವಿದೆ. ದೇಹ ಸೇರಿದ ಫ್ಲೋರೈಡನ್ನು ಹೊರಹಾಕುವುದೂ ಮುಖ್ಯವಾಗಿ ಮೂತ್ರಪಿಂಡಗಳೇ. ಅವು ದುರ್ಬಲವಾದವರ ಮೂಳೆಗಳಲ್ಲಿ ಅದು ಹೆಚ್ಚು ಶೇಖರವಾಗುತ್ತದೆ.